ಸೈನ್ಯದಲ್ಲಿ ಅಡುಗೆ ಮಾಡಿ ಪೆನ್ಶನ್ ಬಂದ ನಮ್ಮಪ್ಪ ಮಾಜಿ ಸೈನಿಕ ಹೌದೋ ಅಲ್ಲವೋ?

ಮಲಪ್ರಭಾ ದಂಡೆ:
ನಮ್ಮದು ಬೈಲಹೊಂಗಲ ತಾಲ್ಲೂಕು. ಅಪ್ಪ ಆರ್ಟಿಲರಿಯ (ತೋಪು ಪಡೆಯ) ಒಂದು ರೆಜಿಮೆಂಟಿನಲ್ಲಿ ಕುಕ್ ಆಗಿದ್ದರು. ಪೂರ್ತಿ ಸರ್ವಿಸ್ ಮುಗಿಸಿ ನಾಯಕ್ ಆಗಿ ಪೆನ್ಶನ್ ಬಂದರು. 1999ರ ಕಾರ್ಗಿಲ್ ಯುದ್ಧದಲ್ಲಿ ಅವರ ಯೂನಿಟ್ ದ್ರಾಸ್ ಕಡೆ ಇತ್ತು. ಈ ಸಲ ಜುಲೈ 26ರ ಕಾರ್ಗಿಲ್ ವಿಜಯ ದಿನಕ್ಕೆ ಊರಲ್ಲಿ ಮಾಜಿ ಸೈನಿಕರಿಗೆ ಶಾಲು ಹೊದಿಸುವ ಕಾರ್ಯಕ್ರಮ ಇಟ್ಟುಕೊಂಡಿದ್ದರು. ಪಟ್ಟಿಯಲ್ಲಿ ಅಪ್ಪನ ಹೆಸರಿಲ್ಲ. ಯಾಕೆ ಅಂತ ನಾನೇ ಹೋಗಿ ಕೇಳಿದೆ. “ಯುದ್ಧ ಮಾಡಿದವರಿಗಷ್ಟ ಅದ ತಮ್ಮಾ, ಅಡಗಿ ಮಾಡಿದವರನ್ನ ಹ್ಯಾಂಗ ಕರಿಯೂದು?” ಅಂದರು. ಅಪ್ಪ “ಇರ್ಲಿ ಬಿಡೋ” ಅಂದು ಸುಮ್ಮನಾದರು. ನನಗೆ ಸುಮ್ಮನಿರಲು ಆಗುತ್ತಿಲ್ಲ. ಕಾನೂನಿನ ಪ್ರಕಾರ ಅವರು ಮಾಜಿ ಸೈನಿಕರಾ? ಇನ್ನೊಂದು, ಸರ್ವಿಸ್ ಮಾಡಿ ಬಂದ ನೀವು ಕುಕ್ ಒಬ್ಬರನ್ನು ನಿಮ್ಮವರು ಅಂತ ಎಣಿಸುತ್ತೀರಾ?

ಅರಸೀಕೆರೆ ಹವಾಲ್ದಾರ್:
ತಮ್ಮಾ, ಮೊದಲು ನಿಮ್ಮ ತಂದೆಯವರಿಗೆ ನನ್ನ ಜೈಹಿಂದ್ ತಿಳಿಸಿ.

ಕಾನೂನಿನ ಮಾತು ಚಿಕ್ಕದು, ಅದನ್ನು ಮುಗಿಸಿಬಿಡುತ್ತೇನೆ. ಮಾಜಿ ಸೈನಿಕರ ಮರುನೇಮಕಕ್ಕೆ ಕೇಂದ್ರ ಸರ್ಕಾರದ 1979ರ ನಿಯಮಾವಳಿ ಇದೆ, 2012ರಲ್ಲಿ ತಿದ್ದುಪಡಿ ಆಗಿದೆ. ಭೂಸೇನೆ, ನೌಕಾಪಡೆ, ವಾಯುಪಡೆಯಲ್ಲಿ ಯಾವುದೇ ರ‍್ಯಾಂಕಿನಲ್ಲಿ ಸೇವೆ ಮಾಡಿ ಪೆನ್ಶನ್ ಗಳಿಸಿದವರು ಮಾಜಿ ಸೈನಿಕರು. ಕಾದಾಡುವ ವರ್ಗದವರಾದರೂ ಸರಿ, ಅಲ್ಲದವರಾದರೂ ಸರಿ ಎಂದು ಅದರಲ್ಲೇ ಬರೆದಿದೆ. ಜವಾನರಿಗೆ ಪೆನ್ಶನ್ ಆಗಲು 15 ವರ್ಷ ಸರ್ವಿಸ್ ಬೇಕು. ಸೇವೆಯಿಂದಲೇ ಆದ ಗಾಯ, ಕಾಯಿಲೆಗೆ ಮೆಡಿಕಲ್ ಬೋರ್ಡ್ ಆಗಿ (ವೈದ್ಯರ ತೀರ್ಮಾನದ ಮೇಲೆ ಬಿಡುಗಡೆಯಾಗಿ) ಡಿಸೆಬಿಲಿಟಿ ಪೆನ್ಶನ್ ಪಡೆದವರೂ ಬರುತ್ತಾರೆ. ವಜಾ ಆದವರು, ಪೆನ್ಶನ್‌ಗೆ ಮೊದಲೇ ತಾವಾಗಿ ಬಿಟ್ಟು ಬಂದವರು ಬರುವುದಿಲ್ಲ. ನಿಮ್ಮ ತಂದೆಯ ವಿಷಯದಲ್ಲಿ ಅನುಮಾನಕ್ಕೆ ಜಾಗವೇ ಇಲ್ಲ.

ಎರಡನೇ ಪ್ರಶ್ನೆಗೆ ಸ್ವಲ್ಪ ಉದ್ದ ಬರೆಯುತ್ತೇನೆ, ಓದಿ. ನಾನು ಎಎಸ್‌ಸಿ, ಅಂದರೆ ಸೈನ್ಯಕ್ಕೆ ಸಾಮಾನು ಸಾಗಿಸುವ ಆರ್ಮಿ ಸರ್ವಿಸ್ ಕೋರ್‌ನ ಡ್ರೈವರ್. ಆ ಸಂಘಟಕರ ಲೆಕ್ಕದಲ್ಲಿ ನಾನೂ ಯುದ್ಧ ಮಾಡಿದವನಲ್ಲ. 1999ರ ಜೂನ್ ಶುರುವಿನಲ್ಲಿ ಜೋಜಿಲಾ ಕಣಿವೆಹಾದಿ ದಾಟಿ ದ್ರಾಸ್‌ಗೆ ಶೆಲ್ (ತೋಪಿನ ಗುಂಡು) ಹೊತ್ತುಕೊಂಡು ಹೋಗುವುದು ನನ್ನ ಡ್ಯೂಟಿ. ತೋಲೋಲಿಂಗ್ ಬೆಟ್ಟದ ಮೇಲೆ ಕೂತಿದ್ದ ಪಾಕಿಸ್ತಾನದವರಿಗೆ ಕೆಳಗಿನ ಶ್ರೀನಗರ–ಲೇಹ್ ರಸ್ತೆ ಅಂಗೈ ಗೆರೆಯಷ್ಟು ಸ್ಪಷ್ಟ. ಹಗಲು ಗಾಡಿ ಕಂಡರೆ ಶೆಲ್ ಬೀಳುತ್ತಿತ್ತು. ಹಾಗಾಗಿ ರಾತ್ರಿ ಹೊತ್ತು, ಹೆಡ್‌ಲೈಟ್ ಆರಿಸಿ ಹೋಗಬೇಕು. ಮಿಲ್ಟ್ರಿ ಗಾಡಿಗಳ ಹಿಂದಿನ ಡಿಫರೆನ್ಷಿಯಲ್‌ಗೆ (ಹಿಂಚಕ್ರಗಳ ನಡುವಿನ ಗುಂಡು ಭಾಗಕ್ಕೆ) ಬಿಳಿ ಬಣ್ಣ ಬಳಿದಿರುತ್ತಾರೆ, ಅದರ ಮೇಲೊಂದು ಪುಟ್ಟ ಕಾನ್ವಾಯ್ ಲೈಟ್. ಮುಂದಿನ ಗಾಡಿಯ ಆ ಬಿಳಿ ಕಂಡರೆ ರಸ್ತೆ ಇದೆ ಅಂತ ಅರ್ಥ. ಧೂಳೆದ್ದು ಅದು ಮರೆಯಾದರೆ ಒಂದು ಕಡೆ ಕಲ್ಲು, ಇನ್ನೊಂದು ಕಡೆ ಕಣಿವೆ. ಸ್ಟೀರಿಂಗ್ ಬಿಟ್ಟು ರೈಫಲ್ ಎತ್ತುವ ಅವಕಾಶವೇ ನಮಗಿರಲಿಲ್ಲ. ಬೀಳುವ ಶೆಲ್ಲಿಗೆ ಡ್ರೈವರ್, ಗನ್ನರ್, ಕುಕ್ ಎಲ್ಲ ಒಂದೇ.

ಒಂದು ಬೆಳಗಿನ ಜಾವ ರಸ್ತೆ ಪಕ್ಕದ ಗನ್ ಪೊಸಿಷನ್ ಒಂದರಲ್ಲಿ ಶೆಲ್ ಇಳಿಸಿದೆವು. ಅಲ್ಲಿನ ಲಂಗರ್ (ಅಡುಗೆಮನೆ) ಅಂದರೆ ಬಂಡೆಯ ಮರೆಯಲ್ಲಿ ಕಟ್ಟಿದ ಒಂದು ತಾಡಪತ್ರಿ, ಒಳಗೆ ಎರಡು ಸೀಮೆಎಣ್ಣೆ ಸ್ಟೋವ್. ದ್ರಾಸ್ ಹತ್ತು ಸಾವಿರ ಅಡಿಗಿಂತ ಮೇಲಿದೆ, ಪ್ರೆಶರ್ ಕುಕ್ಕರ್ ಇಲ್ಲದಿದ್ದರೆ ಅಲ್ಲಿ ಬೇಳೆ ಬೇಯುವುದಿಲ್ಲ. ಬೆಳಕು, ಹೊಗೆ ಕಾಣಿಸಬಾರದು ಅಂತ ಎರಡೂ ಕಡೆ ಕಂಬಳಿ ಇಳಿಬಿಟ್ಟು, ಆ ಉಸಿರುಗಟ್ಟುವ ವಾಸನೆಯಲ್ಲಿ ಇಬ್ಬರು ಪೂರಿ ಕರಿಯುತ್ತಿದ್ದರು. ಮೇಲೆ ಹತ್ತುವವರಿಗೆ ಕಟ್ಟಿಕೊಡಲು ಪೂರಿ, ಉಪ್ಪಿನಕಾಯಿ, ಶಕ್ಕರ್‌ಪಾರೆ. ಒಬ್ಬನ ಮುಂಗೈಯೆಲ್ಲ ಎಣ್ಣೆ ಸಿಡಿದು ಬೊಬ್ಬೆ. ಹೊರಗೆ ಶೆಲ್ ಬಿದ್ದಾಗ ಸ್ಟೋವ್ ಆರಿಸಿ ಮಲಗುತ್ತಿದ್ದರು, ನಿಂತ ಮೇಲೆ ಎದ್ದು ಮತ್ತೆ ಹಚ್ಚುತ್ತಿದ್ದರು. ನನ್ನ ಕೈಗೂ ನಾಲ್ಕು ಪೂರಿ ಇಟ್ಟರು. ಅವರನ್ನು ಸೈನಿಕರಲ್ಲ ಅನ್ನುವ ಬಾಯಿ ಯಾರದ್ದೇ ಆಗಲಿ, ನಾನು ಒಪ್ಪುವುದಿಲ್ಲ.

ಕಸಮ್ ಪರೇಡ್‌ನಲ್ಲಿ ನಾವೆಲ್ಲ ಒಂದೇ ಪ್ರಮಾಣ ಮಾಡುತ್ತೇವೆ: ನೆಲ, ಜಲ, ಆಕಾಶ, ಎಲ್ಲಿಗೆ ಕಳಿಸಿದರೂ ಹೋಗುತ್ತೇನೆ, ಪ್ರಾಣಕ್ಕೆ ಅಪಾಯವಿದ್ದರೂ ಹುಕುಂ ಪಾಲಿಸುತ್ತೇನೆ ಅಂತ. ಕುಕ್‌ಗೆ ಬೇರೆ ಪ್ರಮಾಣ ಇಲ್ಲ. ಎಲ್ಲಿಗೆ ಕಳಿಸುತ್ತಾರೆ ಅನ್ನುವುದು ನಮ್ಮ ಕೈಲಿರಲಿಲ್ಲ, ಹೋಗುವುದಿಲ್ಲ ಅನ್ನುವ ಹಕ್ಕನ್ನು ಅಂದೇ ಬಿಟ್ಟುಕೊಟ್ಟಿದ್ದೆವು. ಪೂರ್ತಿ ಸರ್ವಿಸ್ ಶಾಂತಿಯ ಸ್ಟೇಷನ್ನಿನಲ್ಲೇ ಕಳೆದವನನ್ನೂ ನಾನು ನನ್ನವನು ಅನ್ನುವುದು ಇದಕ್ಕೇ. ಜನವರಿ 14ರಂದು ನಿವೃತ್ತ ಸೈನಿಕರ ದಿನ ಆಚರಿಸುತ್ತಾರಲ್ಲ, ಅದು 1953ರಲ್ಲಿ ಸೇನೆಯ ಮೊದಲ ಭಾರತೀಯ ಮುಖ್ಯಸ್ಥ, ನಮ್ಮ ಕೊಡಗಿನ ಕಾರ್ಯಪ್ಪನವರು ಸೇವೆಯಿಂದ ನಿವೃತ್ತರಾದ ದಿನ. ಯುದ್ಧ ಗೆದ್ದ ದಿನವನ್ನು ಇದಕ್ಕೆ ಆರಿಸಿಕೊಳ್ಳಲಿಲ್ಲ.

ಒಂದು ಕೆಲಸ ಮಾಡಿ. ಅಪ್ಪನ ಟ್ರಂಕ್‌ನಲ್ಲಿ ಪದಕಗಳಿರುತ್ತವೆ. ‘ಆಪರೇಷನ್ ವಿಜಯ್ ಸ್ಟಾರ್’ ಇದೆಯಾ ನೋಡಿ. ಕಾರ್ಗಿಲ್ ಕಾರ್ಯಾಚರಣೆಯ ಜಾಗದಲ್ಲೇ ಇದ್ದವರಿಗೆ ಅದು. ಬೇರೆ ಕಡೆ ಸಜ್ಜಾಗಿ ನಿಂತವರಿಗೆ ‘ಆಪರೇಷನ್ ವಿಜಯ್ ಮೆಡಲ್’.

ಗಡಿ ಕಾವಲು:
ಹವಾಲ್ದಾರ್ ಸಾಹೇಬರೇ, ನಿಮ್ಮ ಮಾತು ಒಪ್ಪಿದೆ. ಆದರೆ ಅದೇ ಅಳತೆ ನಮಗೆ ಯಾಕಿಲ್ಲ ಹೇಳಿ. ನಾನು ಬಿಎಸ್‌ಎಫ್‌ನಲ್ಲಿ (ಗಡಿ ಭದ್ರತಾ ಪಡೆ) ಹೆಡ್ ಕಾನ್‌ಸ್ಟೆಬಲ್ ಆಗಿ ನಿವೃತ್ತನಾದೆ. ಕಛ್‌ನ ಹರಾಮಿ ನಾಲಾದ ಕೆಸರಲ್ಲಿ ನಿಂತಿದ್ದೇನೆ, ಬಾಂಗ್ಲಾ ಗಡಿಯಲ್ಲಿ ಬೇಲಿ ಕಾದಿದ್ದೇನೆ. 1968ರ ಬಿಎಸ್‌ಎಫ್ ಕಾಯಿದೆಯೇ ನಮ್ಮನ್ನು ಒಕ್ಕೂಟದ ಸಶಸ್ತ್ರ ಪಡೆ ಅನ್ನುತ್ತದೆ. ಆದರೂ ನಾವು ಗೃಹ ಇಲಾಖೆಯ ಕೆಳಗೆ ಬರುತ್ತೇವೆ ಅನ್ನುವ ಕಾರಣಕ್ಕೆ ಮಾಜಿ ಸೈನಿಕರಲ್ಲ. 2012ರ ನವೆಂಬರ್‌ನಲ್ಲಿ ‘ಮಾಜಿ ಕೇಂದ್ರ ಸಶಸ್ತ್ರ ಪೊಲೀಸ್ ಪಡೆ ಸಿಬ್ಬಂದಿ’ ಅಂತ ಹೆಸರು ಕೊಟ್ಟರು. ಆ ಹೆಸರಿನ ಬೆನ್ನಿಗೆ ಸೈನ್ಯದವರ ಮೀಸಲಾತಿ ಬರಲಿಲ್ಲ. 2004ರ ಜನವರಿ ನಂತರ ಸೇರಿದ ನಮ್ಮ ಹುಡುಗರಿಗೆ ಹಳೇ ಪೆನ್ಶನ್ ಇಲ್ಲ, ಸೈನ್ಯದವರಿಗೆ ಇದೆ. 2023ರ ಜನವರಿಯಲ್ಲಿ ದೆಹಲಿ ಹೈಕೋರ್ಟ್ ಹಳೇ ಪೆನ್ಶನ್ ಕೊಡಿ ಅಂದಿತು, ಸರ್ಕಾರ ಸುಪ್ರೀಂ ಕೋರ್ಟ್‌ಗೆ ಹೋಗಿ ತಡೆ ತಂದಿತು. ಊರಿನ ಮಾಜಿ ಸೈನಿಕರ ಸಭೆಗೆ ಹೋದರೆ ಕೊನೇ ಕುರ್ಚಿ ನನಗೆ. ಬೇಸರದಿಂದ ಬರೆಯುತ್ತಿದ್ದೇನೆ, ತಪ್ಪು ತಿಳಿಯಬೇಡಿ.

ಅರಸೀಕೆರೆ ಹವಾಲ್ದಾರ್:
ತಪ್ಪು ತಿಳಿಯುವ ಮಾತೇ ಇಲ್ಲ ಅಣ್ಣಾ. ನಿಮ್ಮ ಬೇಸರ ನ್ಯಾಯವಾದದ್ದು. ಪೆನ್ಶನ್, ಮೀಸಲಾತಿ, ಕ್ಯಾಂಟೀನ್, ಇಸಿಎಚ್‌ಎಸ್ (ಮಾಜಿ ಸೈನಿಕರ ಚಿಕಿತ್ಸಾ ಯೋಜನೆ) ಕಾರ್ಡು ಇವೆಲ್ಲ ಸರ್ಕಾರ ಗೆರೆ ಎಳೆದು ಕೊಡುವಂಥವು. ಎಲ್ಲಿಯಾದರೂ ಗೆರೆ ಎಳೆಯಲೇಬೇಕು, ಎಳೆದದ್ದು ಸರಿಯಿಲ್ಲ ಅಂದರೆ ಕೋರ್ಟಿದೆ, ಸಂಸತ್ತಿದೆ. ಊರಿನ ವೇದಿಕೆಗೆ ಆ ಗೆರೆ ಯಾಕೆ ಬೇಕು? ಶಾಲು ಹೊದಿಸುವುದಕ್ಕೆ ಯಾವ ಆದೇಶವೂ ಅಡ್ಡ ಬರುವುದಿಲ್ಲ. ನನ್ನ ಕೇಳಿದರೆ ಅಲ್ಲಿ ನಿಮಗೆ ಮುಂದಿನ ಸಾಲಿನಲ್ಲೇ ಜಾಗ.

ಇನ್ನೂ ಒಂದು ಹೇಳಬೇಕು. ಕಾರ್ಗಿಲ್‌ನಲ್ಲಿ ನಾವು ರಸ್ತೆಗೆ ತಂದಿಳಿಸಿದ ಮದ್ದುಗುಂಡು, ನೀರು, ರೇಷನ್ನನ್ನು ಬೆನ್ನ ಮೇಲೆ ಹೊತ್ತು ಮೇಲಕ್ಕೆ ಒಯ್ದವರಲ್ಲಿ ಲಡಾಖಿನ ಹಳ್ಳಿಗಳ ಪೋರ್ಟರುಗಳಿದ್ದರು. ಅವರಿಗೆ ಸಮವಸ್ತ್ರ ಇರಲಿಲ್ಲ, ರೈಫಲ್ ಇರಲಿಲ್ಲ. ಅವರು ಯಾವ ಪಟ್ಟಿಯಲ್ಲೂ ಮಾಜಿ ಸೈನಿಕರಲ್ಲ. ಅವರನ್ನು ನೆನೆಯದೆ ನಾನು ಜುಲೈ 26 ಆಚರಿಸುವುದಿಲ್ಲ.

ಅಗ್ನಿವೀರನ ಅಕ್ಕ:
ನನ್ನ ತಮ್ಮನದೂ ಇಲ್ಲೇ ಕೇಳಬಹುದಾ? ಅವನು ಅಗ್ನಿವೀರ. 2023ರಲ್ಲಿ ಬೆಳಗಾವಿ ಮರಾಠಾ ಸೆಂಟರ್‌ನಲ್ಲಿ ಟ್ರೇನಿಂಗ್ ಮಾಡಿದ, ಈಗ ಅರುಣಾಚಲದಲ್ಲಿದ್ದಾನೆ. ನಾಲ್ಕು ವರ್ಷ ಆದಮೇಲೆ ನೂರಕ್ಕೆ ಇಪ್ಪತ್ತೈದು ಜನರವರೆಗೆ ಮಾತ್ರ ಉಳಿಸಿಕೊಳ್ಳುತ್ತಾರಂತೆ. ಉಳಿಯದಿದ್ದರೆ ಸೇವಾನಿಧಿ ಅಂತ ಸುಮಾರು 11.71 ಲಕ್ಷ ಬರುತ್ತದೆ, ಪೆನ್ಶನ್ ಇಲ್ಲ, ಮಾಜಿ ಸೈನಿಕ ಅನ್ನುವ ಸ್ಥಾನವೂ ಇಲ್ಲ. ಅಮ್ಮ ಮನೆ ಬಾಗಿಲಿಗೆ ಅವನ ಯೂನಿಫಾರ್ಮ್ ಫೋಟೋ ಹಾಕಿದ್ದಾಳೆ. ವಾಪಸ್ ಬಂದಮೇಲೆ ಅವನನ್ನು ಏನಂತ ಕರೆಯುವುದು?

ಅರಸೀಕೆರೆ ಹವಾಲ್ದಾರ್:
ತಂಗೀ, ದಾಖಲೆಯಲ್ಲಿ ನೀನು ಬರೆದದ್ದು ಸರಿ. ಅವನು ಮಾಡಿದ ಪ್ರಮಾಣ ನಾವು ಮಾಡಿದ್ದೇ, ಅವನು ನಿಂತಿರುವ ಬೆಟ್ಟದ ಚಳಿಯೂ ನಾವು ತಿಂದದ್ದೇ. ನಾಲ್ಕು ವರ್ಷ ಅನ್ನುವ ಕಾರಣಕ್ಕೆ ಅವನನ್ನು ಸಂಘದ ಬಾಗಿಲಲ್ಲಿ ನಿಲ್ಲಿಸುವುದಾದರೆ ನಾನಂತೂ ಅಂಥ ಸಂಘದಲ್ಲಿ ಇರುವುದಿಲ್ಲ. ಕೇಂದ್ರ ಪಡೆಗಳಲ್ಲಿ ಅಗ್ನಿವೀರರಿಗೆ ಮೀಸಲಾತಿ ಇದೆ, ಅರ್ಜಿಗೆ ಈಗಿನಿಂದಲೇ ಓದಿಕೊಳ್ಳಲಿ. ಫೋಟೋ ಅಲ್ಲೇ ಇರಲಿ.

ಮಲಪ್ರಭಾ ದಂಡೆ:
ಎಲ್ಲರಿಗೂ ಕೈ ಮುಗಿದೆ. ಟ್ರಂಕ್ ತೆಗೆದು ನೋಡಿದೆ. ‘ಆಪರೇಷನ್ ವಿಜಯ್ ಸ್ಟಾರ್’ ಇದೆ. ಅದರ ಮೇಲೆ ಅಪ್ಪನ ಆರ್ಮಿ ನಂಬರು, ಹೆಸರು ಕೊರೆದಿದ್ದಾರೆ, ಇಷ್ಟು ವರ್ಷ ನಾನು ನೋಡಿರಲಿಲ್ಲ. ಹವಾಲ್ದಾರ್ ಸಾಹೇಬರು ಬರೆದ ಪೂರಿಯ ಭಾಗ ಓದಿ ಹೇಳಿದೆ. “ಪೂರಿಗಿಂತ ನೀರು ಕಾಸೋದ ಕಷ್ಟ ಇತ್ತು, ಬರ್ಫ ಕರಗಿಸಬೇಕಿತ್ತು” ಅಂದರು, ಆಮೇಲೆ ಊಟ ಆಗೋವರೆಗೂ ಮಾತಾಡಿದರು. ಸಂಘಟಕರಿಗೆ ಪದಕದ ಫೋಟೋ, ನಿಯಮದ ಪ್ರತಿ ಎರಡೂ ಕಳಿಸುತ್ತೇನೆ.

ಅರಸೀಕೆರೆ ಹವಾಲ್ದಾರ್:
ಕಳಿಸಿ. ಜೊತೆಗೆ ಡಿಸ್ಚಾರ್ಜ್ ಬುಕ್ಕೂ ತೆಗೆದಿದ್ದೀರಿ ಅಂತಿಟ್ಟುಕೊಂಡು ಹೇಳುತ್ತೇನೆ: ಅದರಲ್ಲಿ ನಿಮ್ಮ ತಾಯಿಯ ಹೆಸರು, ಹುಟ್ಟಿದ ದಿನಾಂಕ ಆಧಾರ್‌ಗೆ ಸರಿಹೊಂದುತ್ತದಾ, ಪಿಪಿಒದಲ್ಲಿ (ಪೆನ್ಶನ್ ಪಾವತಿ ಆದೇಶದಲ್ಲಿ) ಅವರ ಹೆಸರು ಬಂದಿದೆಯಾ ಇವತ್ತೇ ನೋಡಿ. ಒಂದಕ್ಷರ ವ್ಯತ್ಯಾಸ ಇದ್ದರೂ ಮುಂದೆ ಫ್ಯಾಮಿಲಿ ಪೆನ್ಶನ್‌ಗೆ ತಾಯಂದಿರು ಓಡಾಡಬೇಕಾಗುತ್ತದೆ. ಬೆಳಗಾವಿಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆ ಕಚೇರಿಗೆ ಅಪ್ಪನನ್ನೇ ಕರೆದುಕೊಂಡು ಹೋಗಿ, ಅಪ್ಪ ಇರುವಾಗಲೇ ತಿದ್ದಿಸುವುದು ಸುಲಭ.