ಎರಡು ಟ್ರಾಲಿ ಜಾಲಿಗೆ ಯಂತ್ರ ಬೇಕೇ?

ಬೀದರ್ ತಾಲ್ಲೂಕಿನಿಂದ ಪ್ರಶ್ನೆ:

ಹೊಲದ ಬದುವಿನ ಜಾಲಿ ಕಡಿಸಿದ್ದೇವೆ. ಎರಡು ಟ್ರಾಲಿ ಕೊರಡು ಅಂಗಳದಲ್ಲಿ ಬಿದ್ದಿದೆ. ಮನೆಯಲ್ಲಿ ಒಂಬತ್ತು ಜನ. ಹಂಡೆಯ ನೀರಿಗೂ ರೊಟ್ಟಿ ಒಲೆಗೂ ಕಟ್ಟಿಗೆಯೇ. ಇಷ್ಟು ದಿನ ನಮ್ಮ ಮಾವನವರು ಕೊಡಲಿಯಿಂದ ಸೀಳುತ್ತಿದ್ದರು. ಈಗ ಅವರ ಭುಜ ಹಿಡಿದುಕೊಂಡಿದೆ. ಕರೆಂಟಿನಲ್ಲಿ ನಡೆಯುವ ಕಟ್ಟಿಗೆ ಸೀಳುವ ಯಂತ್ರ ತರೋಣ ಎಂದುಕೊಂಡಿದ್ದೇವೆ. 5 ಟನ್ ಒತ್ತಡದ್ದು ಸಾಕೇ, 7 ಟನ್ನಿನದು ಬೇಕೇ? ಬಳಸಿದವರು ದಯವಿಟ್ಟು ಹೇಳಿ.

ಕಲಬುರಗಿಯಿಂದ:

ತಂಗಿ, ಟನ್ನಿನ ಲೆಕ್ಕ ಆಮೇಲೆ. ಮೊದಲು ಟೇಪು ಹಿಡಿದು ಕೊರಡಿನ ಉದ್ದ ಅಳೆಯಿರಿ. ನಾನು ಅಳೆಯದೆ 5 ಟನ್ನಿನದನ್ನು ತಂದವನು. ಅದರಲ್ಲಿ ಮಲಗುವುದು ಹೆಚ್ಚೆಂದರೆ 20 ಇಂಚಿನ ತುಂಡು. ಅಡ್ಡೆಯಿಂದ ಬಂದ ನನ್ನ ಕಟ್ಟಿಗೆ 3 ಅಡಿ. ಯಂತ್ರ ಮನೆಗೆ ಬಂದ ಮೊದಲ ದಿನ ಕಟ್ಟಿಗೆಯನ್ನೆಲ್ಲ ಸಾಮಿಲ್ಲಿಗೆ ಹೊತ್ತೆ.

ಎರಡನೆಯ ಮಾತು, ನಿಮ್ಮದು ಯಾವ ಜಾಲಿ? ಕರಿಜಾಲಿಯನ್ನು ಹಿಂದಿನವರು ಬಂಡಿಯ ಗಾಲಿಗೆ ಹಾಕುತ್ತಿದ್ದುದು ಅದು ಸುಲಭಕ್ಕೆ ಸೀಳುವುದಿಲ್ಲವೆಂದೇ. ಬಳ್ಳಾರಿ ಜಾಲಿಯಾದರೆ ಮೈಯೆಲ್ಲ ಡೊಂಕು, ಗಂಟಿನ ಮೇಲೆ ಗಂಟು. ನೆಟ್ಟಗಿನ ಬೇವಿನ ತುಂಡನ್ನು ನನ್ನ ಯಂತ್ರ ಸೌತೆಕಾಯಿಯಂತೆ ಸೀಳಿತು. ಗಂಟಿರುವ ಜಾಲಿ ಇಟ್ಟಾಗ ಅಲಗು ಎರಡು ಬೆರಳು ಒಳಗೆ ಹೋಯಿತು, ಮೋಟಾರಿನ ದನಿ ದಪ್ಪಗಾಯಿತು, ಅಲ್ಲಿಗೆ ನಿಂತಿತು. ಕೊರಡು ಅಲಗನ್ನು ಕಚ್ಚಿಕೊಂಡು ಹಿಂದಕ್ಕೂ ಬಾರದು. ಯಂತ್ರದಿಂದ ಕೊರಡನ್ನು ಬಿಡಿಸಲು ಸುತ್ತಿಗೆ ತರಬೇಕಾದಾಗ ಪಕ್ಕದ ಮನೆಯವರು ಗೋಡೆಯ ಮೇಲಿಂದ ನೋಡುತ್ತಿದ್ದರು. ಆಮೇಲೆ ಕಲಿತದ್ದು: ಗಂಟಿನ ಕೊರಡನ್ನು ನಡುವೆ ಸೀಳಲು ಹೋಗಬಾರದು, ಅಂಚಿನಿಂದ ಪದರ ಪದರವಾಗಿ ಬಿಡಿಸುತ್ತ ಬರಬೇಕು. ಅದೂ ಹಸಿಯಿರುವಾಗಲೇ. ಒಣಗಿದ ಜಾಲಿ ಕಬ್ಬಿಣ.

ಹುಣಸೆಯ ಕೊರಡಿದ್ದರೆ ಯಾವ ಯಂತ್ರಕ್ಕೂ ಕೊಡಬೇಡಿ. ಮಾಂಸದ ಅಂಗಡಿಯವರು ಕಡಿಯುವ ಕೊರಡಿಗೆ ಹುಣಸೆಯನ್ನೇ ಆರಿಸುವುದು ಸುಮ್ಮನೆ ಅಲ್ಲ.

ಇನ್ನೊಂದು ಸಣ್ಣ ವಿಷಯ, ನನಗೆ ದುಬಾರಿಯಾದದ್ದು. ಎಣ್ಣೆ ಟಾಕಿಯ ಮೇಲೆ ಗಾಳಿಯಾಡಲು ಒಂದು ತಿರುಪು ಇರುತ್ತದೆ. ಕೆಲಸ ಶುರು ಮಾಡುವ ಮೊದಲು ಅದನ್ನು ಎರಡು ಮೂರು ಸುತ್ತು ಸಡಿಲಿಸಬೇಕು, ಯಂತ್ರ ಎತ್ತಿಡುವಾಗ ಬಿಗಿಯಬೇಕು. ಅಳಿಯ ಸಡಿಲಿಸುವುದನ್ನು ಮರೆತ. ಎಣ್ಣೆ ತಡೆಯುವ ಸೀಲು ಒಡೆದು ಎಣ್ಣೆಯೆಲ್ಲ ಶಹಾಬಾದ್ ಕಲ್ಲಿನ ಹಾಸಿನ ಮೇಲೆ. ಆ ಕಲೆ ಇನ್ನೂ ಇದೆ. ಮಾರಿದವರು ಫೋನ್ ಎತ್ತಲಿಲ್ಲ. ಸೀಲು ಸಿಗುವವರೆಗೆ, ಎರಡು ತಿಂಗಳು, ಯಂತ್ರದ ಮೇಲೆ ತೊಗರಿ ಚೀಲ ಪೇರಿಸಿದ್ದೆವು. ಕೊಳ್ಳುವ ಮೊದಲು ಬೆಲೆ ಕೇಳಬೇಡಿ, ಸೀಲು ಎಲ್ಲಿ ಸಿಗುತ್ತದೆ ಎಂದು ಕೇಳಿ.

ಕರೆಂಟಿಗೆ 16 ಆಂಪಿಯರ್ ಪ್ಲಗ್ಗೇ ಬೇಕು. ತೆಳ್ಳನೆಯ ವೈರು ಎಳೆದರೆ ಮೋಟಾರು ಗುಂಯ್‌ಗುಡುತ್ತದೆ, ತಿರುಗುವುದಿಲ್ಲ.

ಈಗ ನಾನು ಹೆಚ್ಚಾಗಿ ಬಳಸುವುದು ಕಮ್ಮಾರರಿಂದ ಮಾಡಿಸಿದ ನಿಂತ ಅಲಗು. ಲಾರಿಯ ಕಮಾನು ಪಟ್ಟಿಯನ್ನು ಹರಿತ ಮಾಡಿ, ಬಾಯಿ ಮೇಲಾಗಿ ನಿಲ್ಲಿಸಿ, ಸುತ್ತ ಕಬ್ಬಿಣದ ಬಳೆ ಬೆಸೆದು, ದಪ್ಪ ಮರದ ಬುಡಕ್ಕೆ ಬೋಲ್ಟು ಹಾಕಿದ್ದಾರೆ. ಬಳೆಯೊಳಗೆ ತುಂಡು ನಿಲ್ಲಿಸಿ ಮೇಲಿಂದ ಸುತ್ತಿಗೆಯಿಂದ ಹೊಡೆದರೆ ಆಯಿತು. ಕೊಡಲಿ ಬೀಸಬೇಕಿಲ್ಲ, ಹಾಗಾಗಿ ಕಾಲಿಗೆ ಬೀಳುವ ಭಯವಿಲ್ಲ. ಮಣ್ಣಿನ ನೆಲದ ಮೇಲಿಡಿ. ಕಲ್ಲುಹಾಸಿನ ಮೇಲೆ ಇಟ್ಟರೆ ಹಾಸು ಬಿರಿಯುತ್ತದೆ. ಮುಂಗೈ ದಪ್ಪದ ತುಂಡಿಗೆ ಇದು ಸಾಕು. ದಪ್ಪ ಕೊರಡಿಗೆ ಎರಡು ಬೆಣೆ, ಒಂದು ಘನ (ದೊಡ್ಡ ಸುತ್ತಿಗೆ), ಒಬ್ಬ ಕೂಲಿಯಾಳು. ವರ್ಷಕ್ಕೆ ಎರಡು ಟ್ರಾಲಿಗಾಗಿ ಯಂತ್ರ ಕೊಳ್ಳುವುದು ನನ್ನ ದೃಷ್ಟಿಯಲ್ಲಿ ದಂಡ. ಮಾವನವರಿಗೆ ಶರಣು ಹೇಳಿ.

ಯಾದಗಿರಿಯಿಂದ:

ಅಣ್ಣನವರ ಮಾತನ್ನು ಅರ್ಧ ಒಪ್ಪುತ್ತೇನೆ. ನಾನು ರೊಟ್ಟಿ ಮಾಡಿ ಮಾರುವವಳು, ದಿನವೂ ಒಲೆ ಉರಿಯಬೇಕು. ನನಗೆ 7 ಟನ್ನಿನದು ದುಡಿದು ಕೊಟ್ಟಿದೆ. ಆದರೆ 8 ಇಂಚಿಗಿಂತ ದಪ್ಪದ್ದನ್ನು ನಾನು ಅದಕ್ಕೆ ಕೊಡುವುದೇ ಇಲ್ಲ. ಒಂದು ಕೈ ಗುಂಡಿಯ ಮೇಲೆ, ಇನ್ನೊಂದು ಸನ್ನೆಗೋಲಿನ ಮೇಲೆ ಇದ್ದರೆ ಮಾತ್ರ ಅದು ನಡೆಯುತ್ತದೆ. ಕೆಲಸದ ಹುಡುಗ ಸನ್ನೆಗೆ ಹಗ್ಗ ಕಟ್ಟಿ ಒಂದೇ ಕೈಯಲ್ಲಿ ನಡೆಸುತ್ತಿದ್ದ. ಕಂಡ ದಿನವೇ ಹಗ್ಗ ಕೊಯ್ದು ಒಲೆಗೆ ಹಾಕಿದೆ. ಖಾಲಿಯಾದ ಆ ಕೈ ಎಲ್ಲಿಗೆ ಹೋಗುತ್ತದೆ ಹೇಳಿ, ಅಲಗಿನ ಹತ್ತಿರಕ್ಕೇ.

ಅಕ್ಕಾ, ಒಂದು ಮಾತು ಕೇಳುತ್ತೇನೆ. ಹಂಡೆಯ ಕಟ್ಟಿಗೆಯನ್ನು ಸೀಳುವುದೇಕೆ? ಹಂಡೆಗೆ ಇಡೀ ಕೊರಡು ತಳ್ಳಿದರೆ ನಿಧಾನವಾಗಿ ಉರಿದು ಕೆಂಡ ನಿಲ್ಲುತ್ತದೆ, ಬೆಳಗಿನವರೆಗೂ ನೀರು ಬೆಚ್ಚಗಿರುತ್ತದೆ. ತೆಳ್ಳಗೆ ಬೇಕಾದದ್ದು ರೊಟ್ಟಿಗೆ. ಅದಕ್ಕೆ ನಮ್ಮಲ್ಲಿ ತೊಗರಿ ಕಟ್ಟಿಗೆಯೇ ಇದೆಯಲ್ಲ, ರಾಶಿ ಮುಗಿದ ಮೇಲೆ ಹೊಲದಲ್ಲೇ ಬಿದ್ದಿರುತ್ತದೆ. ಹಂಚಿನಡಿ ಹರಡಿ ಉರಿಯುತ್ತದೆ, ಸೀಳುವ ಮಾತೇ ಇಲ್ಲ.

ಬೀದರ್‌ನಿಂದ ಇನ್ನೊಬ್ಬರು:

ಟ್ರ್ಯಾಕ್ಟರ್ ಇದ್ದವರಿಗೆ ಹಿಂದೆ ಜೋಡಿಸುವ ಹೈಡ್ರಾಲಿಕ್ ಸಿಲಿಂಡರಿನದು ಸಿಗುತ್ತದೆ. ನಾವು ನಾಲ್ಕು ಮನೆಯವರು ಕೂಡಿ ತಂದಿದ್ದೇವೆ. 20 ಟನ್ ಒತ್ತಡ, ಗಂಟು ಗಿಂಟು ಕೇಳುವುದಿಲ್ಲ. ವಿಡಿಯೋಗಳಲ್ಲಿ ತೋರಿಸುವ ಮೊನೆಯಾದ ತಿರುಪಿನದನ್ನು ಮಾತ್ರ ತರಬೇಡಿ. ಅದು ಟ್ರ್ಯಾಕ್ಟರಿನ ಹಿಂದೆ ತಿರುಗುವ ಪಿಟಿಒ ಶಾಫ್ಟಿಗೆ ಕೂರುತ್ತದೆ, ಆ ಶಾಫ್ಟು ನಿಮಿಷಕ್ಕೆ 540 ಸುತ್ತು ತಿರುಗುತ್ತದೆ. ಧೋತರದ ಚುಂಗೋ ಸೆರಗೋ ಸಿಕ್ಕಿದರೆ ಕೂಗುವಷ್ಟೂ ಹೊತ್ತಿರುವುದಿಲ್ಲ.

ಕೇಳಿದವರಿಂದ:

ಅಳೆದೆವು. 32 ಇಂಚು. ಯಂತ್ರದ ವಿಚಾರ ಬಿಟ್ಟಿದ್ದೇವೆ, ಕಮ್ಮಾರರಿಗೆ ಅಲಗು ಹೇಳಿ ಬಂದಾಯಿತು. ಯಾದಗಿರಿಯ ಅಕ್ಕನವರು ಬರೆದದ್ದನ್ನು ಮಾವನವರಿಗೆ ಓದಿ ಹೇಳಿದೆ. "ಹಂಡೆಗೂ ಸೀಳಿಕೊಡಿ ಎಂದು ಹತ್ತು ವರ್ಷದಿಂದ ಕೇಳುತ್ತಿದ್ದವಳು ನೀನೇ ಅಲ್ಲವೇನವ್ವಾ" ಎಂದರು.