ಓಣಿಯ ಸಿಸಿ ರಸ್ತೆ ಪುಡಿ ಏಳದ ಹಾಗೆ ಮಾಡಿಸೋದು ಹೇಗೆ?

ವಿಜಯಪುರದಿಂದ ಪ್ರಶ್ನೆ: ನಮ್ಮ ಓಣಿಗೆ ಮುಂದಿನ ವಾರ ಸಿಸಿ ರಸ್ತೆ ಹಾಕುತ್ತಾರಂತೆ. ಪಕ್ಕದ ಓಣಿಯಲ್ಲಿ ಹೋದ ವರ್ಷ ಹಾಕಿದ್ದು ಈಗಲೇ ಪುಡಿ ಎದ್ದು ಖಡಿ ಕಾಣುತ್ತಿದೆ, ಬೈಕ್ ಹೋದರೆ ಧೂಳೆಲ್ಲ ಮನೆಯೊಳಗೆ. ಈ ಸಲ ನಾಲ್ಕು ಜನ ನಿಂತು ಮಾಡಿಸಬೇಕು ಅಂತಿದ್ದೇವೆ. ಏನೇನು ನೋಡಬೇಕು, ಗೊತ್ತಿದ್ದವರು ಹೇಳಿ.

ಬಾಗಲಕೋಟೆ ನವನಗರದಿಂದ: ಸಿಸಿ ಕೆಲಸ ನೋಡಿಕೊಳ್ಳೋದೇ ನನ್ನ ಹೊಟ್ಟೆಪಾಡು, ಸ್ವಲ್ಪ ಉದ್ದ ಆದರೆ ಬೇಸರ ಮಾಡ್ಕೋಬೇಡಿ. ಪಕ್ಕದ ಓಣಿಯಲ್ಲಿ ಹೆಚ್ಚಾಗಿ ನೀರು ಆರುವ ಮೊದಲೇ ಕರಣಿ ಆಡಿಸಿರುತ್ತಾರೆ. ಮಾಲು, ಅಂದ್ರೆ ಕಲಸಿದ ಕಾಂಕ್ರೀಟ್ ಸುರಿದು, ವೈಬ್ರೇಟರ್ ಹಾಕಿ, ಪಟ್ಟಿ ಎಳೆದ ಮೇಲೆ ಖಡಿ ಕೆಳಗೆ ಕೂರುತ್ತದೆ, ನೀರು ಮೇಲೆ ಬರುತ್ತದೆ, ಮೊಸರಿನ ಮೇಲೆ ನೀರು ನಿಂತ ಹಾಗೆ. ಆ ಹೊಳಪು ಇರುವಾಗಲೇ ಉಜ್ಜಿದರೆ ನೀರು ಮೇಲಿನ ಪದರಕ್ಕೇ ಸೇರಿಬಿಡುತ್ತದೆ, ಅಲ್ಲಿ ಸಿಮೆಂಟ್ ಸತ್ವ ಇಲ್ಲದೆ ಉಳಿಯುತ್ತದೆ. ನಾಲ್ಕು ತಿಂಗಳಿಗೆ ಪುಡಿ. ಗೌಂಡಿಗೆ ಊಟದೊಳಗೆ ಮುಗಿಸುವ ಅವಸರ, ಒಣ ಸಿಮೆಂಟ್ ಚೆಲ್ಲಿ ನೀರು ಹೀರಿಸಲು ನೋಡುತ್ತಾನೆ. ಆ ಒಂದು ಕೆಲಸಕ್ಕೆ ಮಾತ್ರ ಬಿಡಲೇಬೇಡಿ, ಜಗಳ ಆದರೂ ಸರಿ. ಮೇಲೆ ನೀರು ಚಿಮುಕಿಸಿ ಉಜ್ಜೋದೂ ಅಷ್ಟೇ ಕೆಟ್ಟದ್ದು.

ಹಿಮ್ಮಡಿ ಇಟ್ಟು ನೋಡಿ. ಕಾಲು ಇಂಚಿನಷ್ಟು ಗುರುತು ಬಿದ್ದು ನಿಂತರೆ ಕಟ್ಟಿಗೆ ಹಲಗೆಯಿಂದ ಉಜ್ಜಬಹುದು, ಬೂಟು ಇಳಿದರೆ ಸುಮ್ನೆ ಕಾಯಿರಿ. ನಿಮ್ಮ ವಿಜಯಪುರದ ಬಿಸಿಗಾಳಿ ಇಲ್ಲೇ ಮೋಸ ಮಾಡುತ್ತದೆ: ಮೇಲೆ ಒಣಗಿದಂತೆ ಕಾಣುತ್ತದೆ, ಒಳಗೆ ಇನ್ನೂ ನೀರು ಏಳುತ್ತಿರುತ್ತದೆ. ಅದಕ್ಕೇ ಕಣ್ಣಿಗಿಂತ ಕಾಲನ್ನು ನಂಬಿ. ಬೇಸಿಗೆಯಾದರೆ ನಸುಕಿನಲ್ಲೇ ಸುರಿಯಲು ಹೇಳಿ, ಉಜ್ಜುವವರೆಗೂ ಪ್ಲಾಸ್ಟಿಕ್ ಹಾಳೆ ಮುಚ್ಚಿಡಿ, ಇಲ್ಲದಿದ್ದರೆ ಮೊದಲ ಕೆಲವು ಗಂಟೆಯಲ್ಲೇ ಕೂದಲೆಳೆ ಬಿರುಕು ಬೀಳುತ್ತದೆ.

ಆಮೇಲೆ ಗಟ್ಟಿ ಕಡ್ಡಿಯ ಕಸಬರಿಗೆ. ಒಂದು ಗಟಾರದಿಂದ ಇನ್ನೊಂದು ಗಟಾರದವರೆಗೆ ಅಡ್ಡಡ್ಡ ಒಂದೇ ಎಳೆತ, ಹಿಂದೆ ಮುಂದೆ ಬೇಡ. ಕಡ್ಡಿಗೆ ಮಾಲು ಅಂಟಿ ಉಸುಕು ಕಿತ್ತು ಬಂದರೆ ಇನ್ನೂ ಬೇಗ, ಗೆರೆಯೇ ಮೂಡದಿದ್ದರೆ ತಡ ಆಯ್ತು ಅಂತ ಲೆಕ್ಕ. ಒಂದೂವರೆ ಮಿಲಿಮೀಟರ್ ಆಳದ ಗೆರೆ ಸಾಕು.

ಬೆಳಗಾವಿಯಿಂದ: ನಮ್ಮ ಕಡೆ ತೊಂದರೆ ಬೇರೆ, ಮಳೆ. ಹನಿ ಬಿದ್ದ ಗುಳಿಗಳ ಮೇಲೆ ಸಿಮೆಂಟ್ ಚೆಲ್ಲಿ ಸಮ ಮಾಡಿದ್ದು ಹಾಳೆಯಂತೆ ಎದ್ದು ಬಂತು. ತಾಡಪತ್ರಿ ತಯಾರಿಟ್ಟುಕೊಂಡೇ ಮಾಲು ತರಿಸಿ. ಮತ್ತೆ, ಮಿಕ್ಸರಿಗೆ ಪೈಪ್ ಹಿಡಿದು ನೀರು ಬಿಡೋರನ್ನು ಮೊದಲು ನಿಲ್ಲಿಸಿ ಸರ್, ಮಾಲು ತೆಳು ಆದರೆ ನೀವು ಹೇಳಿದ ಯಾವುದೂ ಉಪಯೋಗಕ್ಕಿಲ್ಲ.

ಪ್ರಶ್ನೆ ಕೇಳಿದವರು: ಮನೆ ಹೆಂಗಸರು ನುಣ್ಣಗೆ ಬೇಕು ಅಂತಾರೆ, ರಂಗೋಲಿ ಹಾಕೋಕೆ. ಟ್ರಿಮಿಕ್ಸ್ ಮಾಡಿಸಿದರೆ?

ನವನಗರದಿಂದ: ರಂಗೋಲಿಗೆ ಕಟ್ಟೆಯ ಮುಂದೆ ಒಂದೆರಡು ಅಡಿ ಕಟ್ಟಿಗೆ ಹಲಗೆಯ ಉಜ್ಜಾಟ ಸಾಕು ಅಕ್ಕ ಅಂತ ಒಪ್ಪಿಸಿ, ಗಾಡಿ ಓಡಾಡುವ ಜಾಗ ಮಾತ್ರ ಗೆರೆ ಇರಲೇಬೇಕು, ಮಳೆಯಲ್ಲಿ ಬೈಕ್ ಜಾರುತ್ತೆ. ಟ್ರಿಮಿಕ್ಸ್ ಒಳ್ಳೆಯದೇ, ಪಂಪಿನಿಂದ ಹೆಚ್ಚಿನ ನೀರು ಹೀರಿಬಿಡುತ್ತದೆ. ಆದರೆ ಮಷೀನ್ ತಿರುಗಿಸಿ ಹೊಳೆಸಿ ಬಿಟ್ಟು ಹೋಗೋಕೆ ಬಿಡಬೇಡಿ, ಕೊನೆಗೆ ಕಸಬರಿಗೆ ಎಳೆಸಲೇಬೇಕು. ಆರು ಇಂಚಿನ ಸ್ಲ್ಯಾಬಿಗೆ ನಾಲ್ಕು ಮೀಟರಿಗೊಂದು ಅಡ್ಡ ಕಟಿಂಗ್, ಅಂದ್ರೆ ಮಷೀನಿನಿಂದ ಕೊಯ್ದ ಗೆರೆ, ಎರಡು ಇಂಚು ಆಳ, ಮಾರನೆಯ ದಿನದೊಳಗೆ. ತಡ ಮಾಡಿದರೆ ಕಾಂಕ್ರೀಟ್ ತಾನೇ ಬೇಕಾದ ಕಡೆ ಸೀಳಿಕೊಳ್ಳುತ್ತದೆ.

ಜಮಖಂಡಿಯಿಂದ: ಕ್ಯೂರಿಂಗ್ ಯಾರೂ ಹೇಳಲಿಲ್ಲವಲ್ಲ! ಗೋಣಿ ಹಾಸಿ 14 ದಿನ ಹಸಿಯಾಗಿಡಿ, ಬೆಳಿಗ್ಗೆ ಸಂಜೆ ಎರಡು ಕೊಡ ಚೆಲ್ಲಿ ಹೋಗೋದು ಕ್ಯೂರಿಂಗ್ ಅಲ್ಲ. ಸಕ್ಕರೆ ತುಂಬಿದ್ದ ಚೀಲ ಮಾತ್ರ ಹಾಸಬೇಡಿ, ನಮ್ಮೂರಲ್ಲಿ ಅವೇ ಜಾಸ್ತಿ ಸಿಗೋದು. ಸಕ್ಕರೆ ಅಂಟು ಬಿದ್ದ ಕಡೆ ಸಿಮೆಂಟ್ ಗಟ್ಟಿಯಾಗೋದೇ ತಡ, ಮೇಲ್ಮೈ ಮೆತ್ತಗೆ ಉಳಿಯುತ್ತದೆ. ಕಬ್ಬಿನ ಟ್ರ್ಯಾಕ್ಟರ್ ನಿಮ್ಮ ಓಣಿಗೆ ಬರೋದಿದ್ದರೆ 28 ದಿನ ತಡೆಯಿರಿ, ಎರಡೂ ತುದಿಗೆ ಕಲ್ಲು ಇಡಿ, ಬೋರ್ಡ್ ಯಾರೂ ಓದಲ್ಲ.