ಕೀವಿನಾದಲ್ಲಿ ಸ್ನೋಮೊಬೈಲ್: ದಾರಿಯಲ್ಲಿ ಬೆಲ್ಟ್ ಹರಿದರೆ, ಹಿಮಗಾಳಿ ಎದ್ದರೆ ಏನು ಮಾಡಬೇಕು?

ಡೆಟ್ರಾಯಿಟ್_ದಾರಿಹೋಕ

ಎಲ್ಲರಿಗೂ ನಮಸ್ಕಾರ. ಫೆಬ್ರವರಿ ಎರಡನೇ ವಾರ ನಾಲ್ಕು ಜನ, ನಾಲ್ಕು ಸ್ನೋಮೊಬೈಲ್ (ಮುಂದೆ ಸ್ಕೀ, ಹಿಂದೆ ರಬ್ಬರ್ ಟ್ರ್ಯಾಕ್ ಇರುವ ಹಿಮದ ಗಾಡಿ). ಮಿಶಿಗನ್‌ನ ಕೀವಿನಾ ಪರ್ಯಾಯ ದ್ವೀಪದ ಹೋಟನ್‌ನಿಂದ ಹೊರಟು ಮೂರನೇ ನಂಬರ್ ಟ್ರೇಲ್ (ಸ್ನೋಮೊಬೈಲ್ ಹಾದಿ) ಹಿಡಿದು ಕಾಪರ್ ಹಾರ್ಬರ್‌ಗೆ ಹೋಗಿ, ರಾತ್ರಿ ಅಲ್ಲೇ ಉಳಿದು, ಮಾರನೇ ದಿನ ವಾಪಸ್ ಬರುವ ಯೋಜನೆ. ಎರಡು ಟೂ-ಸ್ಟ್ರೋಕ್ 600 ಸಿಸಿ (ಒಂದು ಹಳೇ ಕಾರ್ಬುರೇಟರ್ ಗಾಡಿ, ಇನ್ನೊಂದು ಇಂಜೆಕ್ಟರ್ ಇರುವ ಇ-ಟೆಕ್), ಉಳಿದೆರಡು ಬಾಡಿಗೆಯ ಫೋರ್-ಸ್ಟ್ರೋಕ್. ಕಾರಿನ ಸಣ್ಣಪುಟ್ಟ ಕೆಲಸ ಎಲ್ಲರಿಗೂ ಬರುತ್ತದೆ. ಸ್ನೋಮೊಬೈಲ್ ಬಿಚ್ಚಿದವರು ಯಾರೂ ಇಲ್ಲ.

ದಾರಿಯಲ್ಲಿ ನಿಜವಾಗಿ ಕೈಕೊಡುವುದು ಏನು? ಅದನ್ನು ಹಿಮದಲ್ಲಿ ನಿಂತು ಸರಿಮಾಡಲು ಯಾವ ಸಾಮಾನು ಒಯ್ಯಬೇಕು? ಸುಪೀರಿಯರ್ ಸರೋವರದ ಕಡೆಯಿಂದ ಹಿಮ ಸುರಿಯಲು ಶುರುವಾದರೆ ಮುಂದಕ್ಕೆ ಹೋಗಬೇಕೋ, ಹಿಂದಿರುಗಬೇಕೋ, ನಿಂತಲ್ಲೇ ನಿಲ್ಲಬೇಕೋ? "ಹುಷಾರಾಗಿ ಹೋಗಿ ಬನ್ನಿ" ಅನ್ನುವ ಉತ್ತರ ಈಗಾಗಲೇ ಸಾಕಷ್ಟು ಸಿಕ್ಕಿದೆ. ಅಳತೆ, ಹಂತ, ಕಾರಣ ಸಮೇತ ತಿಳಿಸಿದರೆ ದೊಡ್ಡ ಉಪಕಾರ.

ಬೆಲ್ಟ್_ಕ್ಲಚ್

ಬೆಲ್ಟ್‌ನಿಂದಲೇ ಶುರು ಮಾಡೋಣ, ಯಾಕೆಂದರೆ ದಾರಿಯಲ್ಲಿ ನಿಲ್ಲಿಸುವುದು ಬಹುಪಾಲು ಅದೇ. ಊರಲ್ಲಿ ಆಕ್ಟಿವಾ ಸ್ಕೂಟರಿನ ವೇರಿಯೇಟರ್ ಬೆಲ್ಟ್ ಬದಲಿಸುವುದನ್ನು ನೋಡಿದ್ದರೆ ಇದೂ ಅದೇ ಜಾತಿ. ಎಂಜಿನ್ ಕಡೆ ಪ್ರೈಮರಿ ಕ್ಲಚ್, ಟ್ರ್ಯಾಕ್ ಕಡೆ ಸೆಕೆಂಡರಿ ಕ್ಲಚ್, ನಡುವೆ ರಬ್ಬರ್ ಬೆಲ್ಟ್. ವ್ಯತ್ಯಾಸ ಇಷ್ಟೇ: ಇಲ್ಲಿ ನೂರಕ್ಕೂ ಹೆಚ್ಚು ಅಶ್ವಶಕ್ತಿ ಆ ಒಂದು ಬೆಲ್ಟ್ ಮೇಲೆ ಬೀಳುತ್ತದೆ.

ಈ ಬೆಲ್ಟ್ ಸವೆದು ಸಾಯುವುದಕ್ಕಿಂತ ಬೆಂದು ಸಾಯುವುದೇ ಹೆಚ್ಚು. ರಾತ್ರಿ ಹೊರಗೆ ನಿಲ್ಲಿಸಿದ ಗಾಡಿಯ ಟ್ರ್ಯಾಕ್ ನೆಲಕ್ಕೆ ಹೆಪ್ಪುಗಟ್ಟಿ ಅಂಟಿರುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿ ಥ್ರಾಟಲ್ ಒತ್ತಿದರೆ ಪ್ರೈಮರಿ ತಿರುಗುತ್ತದೆ, ಬೆಲ್ಟ್ ನಿಂತಲ್ಲೇ ನಿಂತು ಉಜ್ಜಿಸಿಕೊಳ್ಳುತ್ತದೆ. ಐದೇ ಸೆಕೆಂಡಿನಲ್ಲಿ ಒಂದು ಕಡೆ ಸುಟ್ಟು ಸೊಂಟದ ಹಾಗೆ ಕಿರಿದಾಗುತ್ತದೆ. ಆಮೇಲೆ ಪ್ರತಿ ಸುತ್ತಿಗೂ "ದಡ್ ದಡ್" ಅಂತ ಬಡಿತ ಕೇಳುತ್ತದೆ. ಆ ಬೆಲ್ಟ್ ಮಧ್ಯಾಹ್ನದೊಳಗೆ ಹರಿಯುತ್ತದೆ. ಅದಕ್ಕೇ ಸ್ಟಾರ್ಟ್ ಮಾಡುವ ಮೊದಲೇ ಹಿಂದಿನ ಬಂಪರ್ ಹಿಡಿದು ಗಾಡಿಯನ್ನು ಒಂದಡಿ ಎತ್ತಿ ಬಿಡಿ, ಸ್ಕೀಗಳನ್ನೂ ಎಡಕ್ಕೆ ಬಲಕ್ಕೆ ಅಲ್ಲಾಡಿಸಿ. ಆಮೇಲೆ ಎಂಜಿನ್ ಬೆಚ್ಚಗಾಗಲು ಕೆಲವು ನಿಮಿಷ ಬಿಟ್ಟು, ಮೊದಲ ಒಂದೆರಡು ಕಿಲೋಮೀಟರ್ ನಿಧಾನ ಹೋಗಿ.

ಎರಡನೇ ಕಾರಣ, ಆಳವಾದ ಪುಡಿ ಹಿಮದಲ್ಲಿ ಕಡಿಮೆ ವೇಗದಲ್ಲಿ ಅರೆಬರೆ ಥ್ರಾಟಲ್ ಹಿಡಿದು ತೆವಳುವುದು. ಕ್ಲಚ್ ಪೂರ್ತಿ ಹಿಡಿಯುವುದಿಲ್ಲ, ಬೆಲ್ಟ್ ಜಾರುತ್ತದೆ, ಬಿಸಿ ಏರುತ್ತದೆ. ಹೂತರೆ ಥ್ರಾಟಲ್ ಒತ್ತುತ್ತಾ ಕೂರಬೇಡಿ. ಇಳಿದು ಟ್ರ್ಯಾಕ್ ಮುಂದಿನ ಹಿಮ ತೋಡಿ, ತುಳಿದು ಗಟ್ಟಿಮಾಡಿ, ಆಮೇಲೆ ಎಳೆಯಿರಿ.

ಹರಿದಾಗ ಮಾಡಬೇಕಾದ್ದು:

ಎಂಜಿನ್ ಆಫ್, ಟೆದರ್ ಹಗ್ಗ (ಸವಾರ ಬಿದ್ದರೆ ಎಂಜಿನ್ ನಿಲ್ಲಿಸುವ ಹಗ್ಗ) ಕಿತ್ತು ಜೇಬಿಗೆ. ಎಡಗಡೆಯ ಪ್ಯಾನೆಲ್ ತೆಗೆದರೆ ಕ್ಲಚ್ ಗಾರ್ಡ್ ಕಾಣುತ್ತದೆ. ಅದನ್ನೂ ಬಿಚ್ಚಿ. ಕ್ಲಚ್ ಕೈ ಸುಡುವಷ್ಟು ಬಿಸಿ ಇರುತ್ತದೆ, ಆರಲು ಬಿಡಿ. ಹರಿದ ಚೂರುಗಳನ್ನು ಒಂದೂ ಬಿಡದೆ ಆರಿಸಿ.

ಇಲ್ಲಿ ಅವಸರ ಬೇಡ. ಟಾರ್ಚ್ ಹಾಕಿ ಪ್ರೈಮರಿ ಕ್ಲಚ್‌ನ ಹಿಂಬದಿ ನೋಡಿ. ಬೆಲ್ಟ್ ಒಳಗಿನ ಬಲವಾದ ನೂಲು ಕಪ್ಪು ದಾರದ ಹಾಗೆ ಕ್ರ್ಯಾಂಕ್ ಶಾಫ್ಟ್‌ಗೆ ಸುತ್ತಿಕೊಂಡಿರುತ್ತದೆ. ಅದನ್ನು ಬಿಟ್ಟರೆ ಒಳಕ್ಕೆ ಸರಿದು ಕ್ರ್ಯಾಂಕ್ ಸೀಲ್ ಕೊಯ್ಯುತ್ತದೆ. ಟೂ-ಸ್ಟ್ರೋಕ್‌ನಲ್ಲಿ ಸೀಲ್ ಹೋದರೆ ಅಲ್ಲಿಂದ ಗಾಳಿ ಒಳಗೆ ಬಂದು, ಪೆಟ್ರೋಲ್ ಮಿಶ್ರಣ ತೆಳುವಾಗಿ, ಪಿಸ್ಟನ್ ಸುಡುತ್ತದೆ. ಬೆಲ್ಟ್ ಹರಿದ 50 ಕಿಲೋಮೀಟರ್ ನಂತರ ಎಂಜಿನ್ ಹೋಯಿತು ಅನ್ನುವ ದೂರುಗಳ ಹಿಂದೆ ಎಷ್ಟೋ ಸಲ ಈ ದಾರವೇ ಇರುತ್ತದೆ. ಉದ್ದ ಮೂತಿಯ ಇಕ್ಕಳದಿಂದ ಬಿಡಿಸಿ, ಚಾಕು ಸೀಲ್ ಕಡೆ ಹೋಗದಂತೆ ಕತ್ತರಿಸಿ.

ಎರಡೂ ಕ್ಲಚ್‌ಗಳ ಮುಖವನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಬಟ್ಟೆಯಿಂದ ಒರೆಸಿ. ಬೆಲ್ಟ್ ಟೂಲ್ ಹಾಕಿ ಸೆಕೆಂಡರಿಯ ಎರಡು ತಟ್ಟೆಗಳನ್ನು ಅಗಲಿಸಿ. ಹೊಸ ಬೆಲ್ಟ್ ಮೊದಲು ಪ್ರೈಮರಿಗೆ, ಆಮೇಲೆ ಸೆಕೆಂಡರಿಗೆ. ಬಾಣದ ಗುರುತು ತಿರುಗುವ ದಿಕ್ಕಿಗೆ. ಬಾಣ ಇಲ್ಲದಿದ್ದರೆ ಅಕ್ಷರಗಳು ನೀವು ನಿಂತ ಕಡೆಯಿಂದ ನೇರ ಓದಲು ಬರುವ ಹಾಗೆ. ಟೂಲ್ ವಾಪಸ್ ತೆಗೆಯಿರಿ, ಚಳಿಯಲ್ಲಿ ಮರೆಯುವುದು ಇದನ್ನೇ. ಸೆಕೆಂಡರಿಯನ್ನು ಕೈಯಲ್ಲಿ ಹಲವು ಸುತ್ತು ತಿರುಗಿಸಿದರೆ ಬೆಲ್ಟ್ ಮೇಲೆ ಬಂದು ಕೂರುತ್ತದೆ. ಅದರ ಮೇಲಂಚು ತಟ್ಟೆಯ ಅಂಚಿಗೆ ಸಮನಾಗಿರಬೇಕು, ಇಲ್ಲವೇ ಒಂದೆರಡು ಮಿಲಿಮೀಟರ್ ಮೇಲಿರಬೇಕು. ತೀರಾ ಕೆಳಗಿದ್ದರೆ ಗಾಡಿ ಎದ್ದೇಳುವುದು ಮಂದ. ತೀರಾ ಮೇಲಿದ್ದರೆ ಐಡಲ್‌ನಲ್ಲೇ ಟ್ರ್ಯಾಕ್ ತಿರುಗತೊಡಗುತ್ತದೆ. ಹೊಸ ಬೆಲ್ಟ್‌ಗೆ ಮೊದಲ 50 ಕಿಲೋಮೀಟರ್ ಪೂರ್ತಿ ಥ್ರಾಟಲ್ ಬೇಡ.

ಬಾಡಿಗೆ ಗಾಡಿ ತೆಗೆದುಕೊಳ್ಳುವಾಗಲೇ ಸ್ಪೇರ್ ಬೆಲ್ಟ್, ಬೆಲ್ಟ್ ಟೂಲ್ ಎರಡೂ ಇವೆಯೇ, ಬೆಲ್ಟ್‌ನ ನಂಬರ್ ಮ್ಯಾನ್ಯುಯಲ್‌ನ ನಂಬರ್‌ಗೆ ಸರಿಹೊಂದುತ್ತದೆಯೇ ನೋಡಿ. ಹೊರಡುವ ಹಿಂದಿನ ದಿನ ಗರಾಜಿನಲ್ಲಿ ನಾಲ್ಕೂ ಗಾಡಿಯ ಬೆಲ್ಟ್ ಒಮ್ಮೆ ಬಿಚ್ಚಿ ಹಾಕಿ. ಗ್ಲೌಸ್ ಹಾಕಿಕೊಂಡೇ ಹಾಕಿ.

ಮಿನೆಸೋಟ_ಪಾನಾ

ಬೆಲ್ಟ್ ಬಗ್ಗೆ ಮೇಲಿನವರು ಹೇಳಿದ್ದು ಅಕ್ಷರಶಃ ಸರಿ. ಉಳಿದದ್ದು ಇಲ್ಲಿದೆ.

ಪ್ಲಗ್. ಕಾರ್ಬುರೇಟರ್ ಗಾಡಿ ಎತ್ತರ, ಚಳಿ ಬದಲಾದಂತೆ ಪೆಟ್ರೋಲ್ ಹೆಚ್ಚು ಕುಡಿದು ಪ್ಲಗ್ ಒದ್ದೆ ಮಾಡಿಕೊಳ್ಳುತ್ತದೆ. ಹಳೇ 600ಗಳಲ್ಲಿ ಹಲವಕ್ಕೆ ಎನ್‌ಜಿಕೆ ಬಿಆರ್9ಇಎಸ್ ಬರುತ್ತದೆ, ಆದರೂ ನಿಮ್ಮ ಮ್ಯಾನ್ಯುಯಲ್ ನೋಡಿ ಎರಡು ಜೊತೆ ಒಯ್ಯಿರಿ. ಹಗ್ಗ ಎಳೆದೆಳೆದು ಸ್ಟಾರ್ಟ್ ಆಗದೆ ಪೆಟ್ರೋಲ್ ವಾಸನೆ ಬಂದರೆ: ಚೋಕ್ ಆಫ್ ಮಾಡಿ, ಪ್ಲಗ್ ಬಿಚ್ಚಿ, ಕಿಲ್ ಸ್ವಿಚ್ ಆಫ್ ಇಟ್ಟು, ಥ್ರಾಟಲ್ ಪೂರ್ತಿ ಒತ್ತಿ ಹಿಡಿದು ಎಂಟು-ಹತ್ತು ಸಲ ಹಗ್ಗ ಎಳೆಯಿರಿ. ಸಿಲಿಂಡರ್‌ನಲ್ಲಿ ನಿಂತ ಪೆಟ್ರೋಲ್ ಹೊರಗೆ ಹಾರುತ್ತದೆ. ಆ ಹೊತ್ತಿಗೆ ಹತ್ತಿರ ಲೈಟರ್, ಸಿಗರೇಟ್ ಇರಕೂಡದು. ಒಣ ಪ್ಲಗ್ ಹಾಕಿ ಮತ್ತೆ ಎಳೆಯಿರಿ.

ಇ-ಟೆಕ್‌ಗೆ ಈ ಲೆಕ್ಕ ನಡೆಯುವುದಿಲ್ಲ. ಅಲ್ಲಿ ಇಂಜೆಕ್ಟರ್ ನೇರ ಸಿಲಿಂಡರ್ ಒಳಗೆ ಸಿಂಪಡಿಸುತ್ತದೆ, ಪ್ಲಗ್‌ನ ಎಲೆಕ್ಟ್ರೋಡ್ ಬಾಯಿ ನಿರ್ದಿಷ್ಟ ದಿಕ್ಕಿಗೆ ಇರಬೇಕು. ಹೊಸ ಪ್ಲಗ್ ಹಾಗೇ ಬಿಗಿದರೆ ಮಿಸ್ ಹೊಡೆಯುತ್ತದೆ. ಮನೆಯಲ್ಲೇ ಹಾಕಿ ನೋಡಿ, ದಿಕ್ಕು ಕೂರುವ ಪ್ಲಗ್‌ಗಳನ್ನು ಆರಿಸಿ, ಯಾವ ಸಿಲಿಂಡರ್‌ಗೆ ಯಾವುದು ಅಂತ ಮಾರ್ಕರ್‌ನಿಂದ ಬರೆದು ಡಬ್ಬಿಯಲ್ಲಿಡಿ.

ಬಿಸಿ. ಮೈ ಕೊರೆಯುವ ಚಳಿಯಲ್ಲಿ ಎಂಜಿನ್ ಕಾಯುತ್ತದೆಯೇ ಅಂತ ಅನಿಸಬಹುದು. ಕಾಯುತ್ತದೆ. ಟ್ರೇಲ್‌ಗೆ ಮಾಡಿದ ಹೆಚ್ಚಿನ ಗಾಡಿಗಳಲ್ಲಿ ಟ್ರ್ಯಾಕ್ ಎರಚುವ ಹಿಮವೇ ಟನೆಲ್ (ಟ್ರ್ಯಾಕ್ ಮೇಲಿನ ಲೋಹದ ಹೊದಿಕೆ) ಒಳಗಿನ ಕೂಲರ್ ತಣಿಸುವುದು. ಟ್ರೇಲ್ ಕಲ್ಲಿನಂತೆ ಗಟ್ಟಿಯಾಗಿದ್ದರೆ ಎರಚಲು ಹಿಮವೇ ಇರುವುದಿಲ್ಲ. ಟ್ರ್ಯಾಕ್ ಓಡುವ ಪ್ಲಾಸ್ಟಿಕ್ ಪಟ್ಟಿ, ಹೈಫ್ಯಾಕ್ಸ್ ಅನ್ನುತ್ತಾರಲ್ಲ, ಅದಕ್ಕೂ ಹಿಮವೇ ಎಣ್ಣೆ. ಇಲ್ಲದಿದ್ದರೆ ಕರಗಿ ಟ್ರ್ಯಾಕ್‌ನ ಕ್ಲಿಪ್‌ಗೆ ಅಂಟಿಕೊಳ್ಳುತ್ತದೆ. ಐಸ್ ಸ್ಕ್ರ್ಯಾಚರ್ (ಗಟ್ಟಿ ಹಿಮ ಕೆರೆದು ಎರಚುವ ಕಡ್ಡಿ) ಇದ್ದರೆ ಕೆಳಗಿಳಿಸಿ. ಟೆಂಪರೇಚರ್ ದೀಪ ಹತ್ತಿದರೆ ಟ್ರೇಲ್ ಅಂಚಿನ ಮೆತ್ತನೆ ಹಿಮಕ್ಕೆ ಇಳಿಸಿ ಕೆಲವು ನೂರು ಮೀಟರ್ ಓಡಿಸಿ. ಅದೂ ಆಗದಿದ್ದರೆ ನಿಲ್ಲಿಸಿ, ಟನೆಲ್ ಮೇಲೆ, ರನ್ನಿಂಗ್ ಬೋರ್ಡ್ ಕೆಳಗೆ ಸಲಿಕೆಯಿಂದ ಹಿಮ ಒತ್ತಿ. ಬಿಸಿ ಇದ್ದಾಗ ಕೂಲಂಟ್ ಮುಚ್ಚಳ ತೆಗೆಯಬೇಡಿ.

ಪೆಟ್ರೋಲ್. ಅರ್ಧ ಖಾಲಿ ಟ್ಯಾಂಕ್‌ನ ಗೋಡೆಗೆ ರಾತ್ರಿ ನೀರು ಬೆವೆತು, ಫಿಲ್ಟರ್‌ನಲ್ಲಿ ಹೆಪ್ಪುಗಟ್ಟಬಹುದು. ರಾತ್ರಿ ನಿಲ್ಲಿಸುವ ಮೊದಲು ಟ್ಯಾಂಕ್ ತುಂಬಿಸುವುದೇ ಸುಲಭ ಮದ್ದು. ಶೇ. 10 ಎಥನಾಲ್ ಇರುವ ಪೆಟ್ರೋಲ್ ಸ್ವಲ್ಪ ನೀರನ್ನು ತಾನೇ ಹೊತ್ತೊಯ್ಯುತ್ತದೆ. ಎಥನಾಲ್ ಇಲ್ಲದ್ದು ಹಾಕಿಸಿದರೆ ಐಸೊಪ್ರೊಪೈಲ್ ಇರುವ ಡೀ-ಐಸರ್ ಸಾಕು.

ಥ್ರಾಟಲ್. ಪ್ರತಿ ಸಲ ಸ್ಟಾರ್ಟ್ ಮಾಡುವ ಮೊದಲು ಲಿವರ್ ಒತ್ತಿ ಬಿಡಿ, ಟಪ್ ಅಂತ ವಾಪಸ್ ಬರಬೇಕು. ಊಟಕ್ಕೆ ನಿಂತಾಗ ಕೇಬಲ್ ಮೇಲೆ ಕರಗಿದ ಹಿಮ ಮತ್ತೆ ಗಟ್ಟಿಯಾಗಿರುತ್ತದೆ. ಅಂಟಿದ ಥ್ರಾಟಲ್‌ನಲ್ಲಿ ಸ್ಟಾರ್ಟ್ ಮಾಡಿದರೆ ಗಾಡಿ ಎದುರಿಗಿದ್ದವರ ಮೇಲೆ ನುಗ್ಗುತ್ತದೆ. ಟೆದರ್ ಕೊಕ್ಕೆ ಜಾಕೆಟ್‌ಗೆ ಹಾಕದೆ ಓಡಿಸಲೇಬೇಡಿ.

ಬ್ಯಾಟರಿ. ಮೈನಸ್ 18 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬ್ಯಾಟರಿಯ ಶಕ್ತಿ ಸುಮಾರು ಅರ್ಧಕ್ಕೆ ಇಳಿಯುತ್ತದೆ, ಎಂಜಿನ್ ಆಯಿಲ್ ಗಟ್ಟಿಯಾಗಿ ತಿರುಗಿಸಲು ಬೇಕಾದ ಶಕ್ತಿ ಏರುತ್ತದೆ. ಫೋರ್-ಸ್ಟ್ರೋಕ್‌ಗೆ ಎಳೆಯುವ ಹಗ್ಗ ಸಾಮಾನ್ಯವಾಗಿ ಇರುವುದಿಲ್ಲ. ಹಾಗಾಗಿ ಒಂದು ಲಿಥಿಯಂ ಜಂಪ್ ಪ್ಯಾಕ್ ಬೇಕೇ ಬೇಕು, ಅದೂ ಗಾಡಿಯ ಬ್ಯಾಗಿನಲ್ಲಲ್ಲ, ಜಾಕೆಟ್ ಒಳಗೆ.

ಸಾಮಾನು: ಮೇಲೆ ಹೇಳಿದ್ದರ ಜೊತೆ ಪ್ಲಗ್ ಸ್ಪ್ಯಾನರ್, ಟಾರ್ಕ್ಸ್ ಸೆಟ್, 10 ಮೀಟರ್ ಹಗ್ಗ, ಎರಡು ರ‍್ಯಾಚೆಟ್ ಪಟ್ಟಿ (ಎ-ಆರ್ಮ್, ಅಂದರೆ ಸ್ಕೀಯನ್ನು ಗಾಡಿಗೆ ಹಿಡಿಸುವ ತೋಳು, ಬಾಗಿದರೆ ಮರಕ್ಕೆ ಕಟ್ಟಿ ಎಳೆದು ನೇರ ಮಾಡಲು), ಕಟ್ಟುವ ತಂತಿ, ಜಿಪ್ ಟೈ, ಡಕ್ಟ್ ಟೇಪ್, ಒಂದು ಲೀಟರ್ ಟೂ-ಸ್ಟ್ರೋಕ್ ಆಯಿಲ್, ಮಡಚುವ ಗರಗಸ, ಅಲ್ಯೂಮಿನಿಯಂ ಸಲಿಕೆ. ಹಣೆಗೆ ಕಟ್ಟುವ ಟಾರ್ಚ್ ಪ್ರತಿಯೊಬ್ಬರಿಗೂ ಒಂದೊಂದು.

ಸುಪೀರಿಯರ್_ಗಾಳಿ

ಹವಾಮಾನದ ಪ್ರಶ್ನೆಗೆ ಬರುತ್ತೇನೆ. ಗಾಡಿ ಕೆಟ್ಟರೆ ಅದು ತೊಂದರೆ. ಹಿಮಗಾಳಿಯಲ್ಲಿ ಗಾಡಿ ಕೆಟ್ಟರೆ ಅಪಾಯ. ಆದ್ದರಿಂದ ಎರಡನ್ನೂ ಒಟ್ಟಿಗೇ ಲೆಕ್ಕ ಹಾಕಿ.

ಕೀವಿನಾ ಪರ್ಯಾಯ ದ್ವೀಪ ಸುಪೀರಿಯರ್ ಸರೋವರದೊಳಕ್ಕೆ ಚಾಚಿದ ಬೆರಳು. ವಾಯವ್ಯದ ಒಣ ಚಳಿಗಾಳಿ ಹೆಪ್ಪುಗಟ್ಟದ ನೀರಿನ ಮೇಲೆ ಹಾದು ತೇವ ಹೀರಿ, ದಡದ ಗುಡ್ಡ ಏರುವಾಗ ಹಿಮ ಸುರಿಸುತ್ತದೆ. 1978-79ರ ಚಳಿಗಾಲದಲ್ಲಿ ಇಲ್ಲಿ ಬಿದ್ದದ್ದು 390.4 ಇಂಚು, ಹತ್ತಿರ ಹತ್ತಿರ 10 ಮೀಟರ್. ಯುಎಸ್-41 ರಸ್ತೆಯ ಬದಿಯಲ್ಲಿ ಆ ಎತ್ತರಕ್ಕೆ ಒಂದು ಅಳತೆಗಂಬವನ್ನೇ ನಿಲ್ಲಿಸಿದ್ದಾರೆ. ಈ ಹಿಮ ನಮ್ಮ ಮುಂಗಾರಿನ ಹಾಗೆ ಇಡೀ ಸೀಮೆಗೆ ಒಟ್ಟಿಗೆ ಬರುವುದಲ್ಲ, ಕಿರಿದಾದ ಪಟ್ಟಿಗಳಾಗಿ ಬರುತ್ತದೆ. ದಾರಿಯಲ್ಲಿ ಸಿಗುವ ಕ್ಯಾಲುಮೆಟ್ ಊರಲ್ಲಿ ಬಿಸಿಲಿದ್ದು, ಮುಂದೆ ಹತ್ತು ಕಿಲೋಮೀಟರ್‌ಗೆ ಎದುರಿನ ಸ್ಕೀ ಕಾಣದಿರಬಹುದು. ಹೊರಡುವ ಬೆಳಿಗ್ಗೆ ರಾಷ್ಟ್ರೀಯ ಹವಾಮಾನ ಸೇವೆಯ ಮಾರ್ಕ್ವೆಟ್ ಕಚೇರಿಯ ಮುನ್ಸೂಚನೆ ಓದುವಾಗ ಹಿಮದ ಇಂಚಿಗಿಂತ ಗಾಳಿಯ ದಿಕ್ಕು, ವೇಗ ಮೊದಲು ನೋಡಿ.

ಚಳಿಯ ಅಂಕಿ: ಗಾಳಿ ಮೈನಸ್ 18 ಡಿಗ್ರಿ ಇದ್ದು, ವೇಗ ಗಂಟೆಗೆ 48 ಕಿಮೀ ಇದ್ದರೆ ಚರ್ಮಕ್ಕೆ ತಟ್ಟುವುದು ಮೈನಸ್ 32. ಬರಿ ಚರ್ಮ 30 ನಿಮಿಷದಲ್ಲಿ ಹೆಪ್ಪುಗಟ್ಟಬಹುದು. ಮೈನಸ್ 23ಕ್ಕೆ ಇಳಿದರೆ ಅದೇ ಗಾಳಿಗೆ 10 ನಿಮಿಷ ಸಾಕು. ಗಾಳಿ ಬೀಸದಿದ್ದರೂ ನೀವು ಗಂಟೆಗೆ 48ರಲ್ಲಿ ಓಡಿಸಿದರೆ ಮುಖಕ್ಕೆ ಲೆಕ್ಕ ಅದೇ. ಹೆಲ್ಮೆಟ್ ಮತ್ತು ಗಾಗಲ್ ನಡುವಿನ ಒಂದು ಬೆರಳಗಲದ ಸಂದಿಯೇ ಮೊದಲು ಬೆಳ್ಳಗಾಗುವುದು. ನಿಂತಾಗಲೆಲ್ಲ ಒಬ್ಬರ ಮುಖ ಇನ್ನೊಬ್ಬರು ನೋಡಿ, ತನ್ನದು ತನಗೆ ಗೊತ್ತಾಗುವುದಿಲ್ಲ.

ಹಿಂದಿರುಗುವ ತೀರ್ಮಾನಕ್ಕೆ ಎರಡೇ ಅಳತೆ: ಪೆಟ್ರೋಲ್, ಬೆಳಕು. ಹೋಟನ್‌ನಿಂದ ಕಾಪರ್ ಹಾರ್ಬರ್‌ಗೆ ರಸ್ತೆ ಲೆಕ್ಕದಲ್ಲೇ ಸುಮಾರು 75 ಕಿಮೀ. ಟ್ರೇಲ್‌ನಲ್ಲಿ ಇನ್ನೂ ಹೆಚ್ಚು ಅಂತಲೇ ಲೆಕ್ಕ ಹಾಕಿ. ಒಳ್ಳೆಯ ಟ್ರೇಲ್‌ನಲ್ಲಿ ಲೀಟರಿಗೆ 5-6 ಕಿಮೀ ಕೊಡುವ ಗಾಡಿ ಹೊಸ ಹಿಮದಲ್ಲಿ ಅರ್ಧವೇ ಕೊಡುತ್ತದೆ. ಗುಂಪಿನಲ್ಲಿ ಹೆಚ್ಚು ಕುಡಿಯುವ ಗಾಡಿ ಯಾವುದೋ ಅದರ ಲೆಕ್ಕವೇ ಎಲ್ಲರ ಲೆಕ್ಕ. ಫೆಬ್ರವರಿ ಮಧ್ಯದಲ್ಲಿ ಸಂಜೆ ಆರು ದಾಟುತ್ತಿದ್ದಂತೆ ಸೂರ್ಯ ಮುಳುಗುತ್ತಾನೆ. ಮೂರು ಗಂಟೆಗೆ ಕಾಡಿನ ನಡುವೆ ಬೆಲ್ಟ್ ಹರಿದರೆ ಬೆಳಕಿನಲ್ಲಿ ಮುಗಿಯುತ್ತದೆ, ಐದೂವರೆಗೆ ಹರಿದರೆ ಇಲ್ಲ. ಮಧ್ಯಾಹ್ನ ಎರಡರೊಳಗೆ ಊರು ಸೇರುವ ಹಾಗೆ ಹೊರಡಿ.

ಏನೂ ಕಾಣದಂತಾದರೆ ಟ್ರೇಲ್ ನಡುವೆ ನಿಲ್ಲಬೇಡಿ. ಹಿಂದಿನಿಂದ ಬರುವವರಿಗೂ, ಹಿಮ ಸಮ ಮಾಡುವ ಗ್ರೂಮರ್‌ಗೂ ನೀವು ಕಾಣುವುದಿಲ್ಲ. ಬಲಕ್ಕೆ ಪೂರ್ತಿ ಇಳಿದು, ಹಿಂದಿನ ದೀಪದ ಮೇಲಿನ ಹಿಮ ಒರೆಸಿ. ಪ್ರತಿ ಕವಲಿನಲ್ಲೂ ಹಿಂದಿನವರ ಹೆಡ್‌ಲೈಟ್ ಕಾಣುವವರೆಗೆ ಕದಲಕೂಡದು. ಸರೋವರ ದಾಟಿ ದಾರಿ ಉಳಿಸುವ ಯೋಚನೆ ಬಿಟ್ಟುಬಿಡಿ. ಮಂಜುಗಡ್ಡೆ ಮೇಲೆ ಗಾಳಿ ತಡೆಯಲು ಒಂದು ಮರವೂ ಇಲ್ಲ, ಹಿಮದ ಹೊದಿಕೆ ಕೆಳಗೆ ದಪ್ಪ ಎಷ್ಟಿದೆ ಅಂತ ಕಾಣುವುದೂ ಇಲ್ಲ.

ರಾತ್ರಿ ಸಿಕ್ಕಿಬಿದ್ದರೆ ಗಾಡಿ ಬಿಟ್ಟು ನಡೆಯಬೇಡಿ. ದಟ್ಟ ಮರಗಳ ಮರೆಯಲ್ಲಿ, ಗಾಳಿಗೆ ಅಡ್ಡಲಾಗಿ ಹಿಮದಲ್ಲಿ ಕಾಲುವೆ ತೋಡಿ. ಸೀಟು ಕಿತ್ತು ಬರುವಂಥದ್ದಾದರೆ ಅದರ ಮೇಲೆ, ಇಲ್ಲವೇ ಫರ್ ಮರದ ಕೊಂಬೆಗಳ ಮೇಲೆ ಕೂತುಕೊಳ್ಳಿ. ಬೆವರಿ ಒದ್ದೆಯಾದ ಒಳ ಅಂಗಿ ಮೊದಲು ಬದಲಿಸಿ. ಅದು ಹತ್ತಿಯದಾಗಿರಬಾರದು, ಉಣ್ಣೆ ಅಥವಾ ಸಿಂಥೆಟಿಕ್. ಬೆಚ್ಚಗಾಗಲೆಂದು ಗುಂಡಿಯ ಪಕ್ಕ ಎಂಜಿನ್ ಓಡಿಸಬೇಡಿ, ಕಾರ್ಬನ್ ಮಾನಾಕ್ಸೈಡ್ ತಗ್ಗಿನಲ್ಲಿ ಸೇರಿಕೊಳ್ಳುತ್ತದೆ. ಕಾಡಿನಲ್ಲಿ ಫೋನ್ ಸಿಗ್ನಲ್ ನಂಬಿ ಹೋಗಬೇಡಿ. ಗುಂಪಿಗೆ ಒಂದಾದರೂ ಉಪಗ್ರಹದ ಮೂಲಕ ಸಂದೇಶ ಕಳಿಸುವ ಸಾಧನ ಇರಲಿ.

ಡೆಟ್ರಾಯಿಟ್_ದಾರಿಹೋಕ

ಮೂವರಿಗೂ ತುಂಬಾ ಧನ್ಯವಾದ, ಪ್ರಿಂಟ್ ತೆಗೆದಿಟ್ಟುಕೊಂಡೆ. ಇನ್ನೊಂದೇ ಪ್ರಶ್ನೆ: ಏನೂ ಮಾಡಲಾಗದೆ ಒಂದು ಗಾಡಿಯನ್ನು ಎಳೆದೇ ತರಬೇಕಾದರೆ ಹಗ್ಗ ಎಲ್ಲಿ ಕಟ್ಟಬೇಕು? ಸ್ಕೀ ಮುಂದಿನ ಹಿಡಿಕೆಗೆ ಕಟ್ಟಿದರೆ ಸಾಲದೇ?

ಬೆಲ್ಟ್_ಕ್ಲಚ್

ಸಾಲದು. ಆ ಹಿಡಿಕೆ ಕೈಯಲ್ಲಿ ಎತ್ತಲು ಇರುವುದು, ಎಳೆತಕ್ಕೆ ಕಿತ್ತು ಬರುತ್ತದೆ. ಸ್ಕೀ ಗಾಡಿಗೆ ಸೇರುವ ಲೋಹದ ಕಾಲು, ಸ್ಪಿಂಡಲ್ ಇದೆಯಲ್ಲ, ಎರಡೂ ಕಡೆ ಅದರ ಬುಡಕ್ಕೆ ಕಟ್ಟಿ, ಎರಡೂ ಎಳೆಯನ್ನು ಮುಂದಿನ ಗಾಡಿಯ ಹಿಚ್‌ಗೆ ಸೇರಿಸಿ. ಸ್ಕೀಗಳು ನೇರ ನಿಲ್ಲುತ್ತವೆ.

ಅದಕ್ಕೂ ಮೊದಲು ಕೆಟ್ಟ ಗಾಡಿಯ ಬೆಲ್ಟ್ ತೆಗೆದುಬಿಡಿ. ಇಲ್ಲದಿದ್ದರೆ ಟ್ರ್ಯಾಕ್ ಸೆಕೆಂಡರಿಯನ್ನು ತಿರುಗಿಸಿ, ಬೆಲ್ಟ್ ಕ್ಲಚ್‌ಗೆ ಉಜ್ಜಿ ಸುಡುತ್ತದೆ. ಹಗ್ಗದಲ್ಲಿ ಎಳೆಯುವಾಗ ಹಿಂದಿನ ಗಾಡಿಯಲ್ಲಿ ಒಬ್ಬರು ಬ್ರೇಕ್ ಹಿಡಿದು ಕೂತಿರಲೇಬೇಕು, ಇಳಿಜಾರಿನಲ್ಲಿ ಅದು ಮುಂದಿನವರ ಬೆನ್ನಿಗೆ ಬಂದು ಗುದ್ದುತ್ತದೆ. ವೇಗ ಗಂಟೆಗೆ 15 ಕಿಮೀ ದಾಟುವುದು ಬೇಡ. ಎಳೆಯುವ ಗಾಡಿಗೂ ಇದು ಬೆಲ್ಟ್ ಬೇಯಿಸುವ ಕೆಲಸವೇ. ಎಳೆಯಲು ನಿಮ್ಮ ಫೋರ್-ಸ್ಟ್ರೋಕ್‌ಗಳಲ್ಲಿ ಒಂದನ್ನು ಬಳಸಿ, ಲೋ ಗೇರ್ ಇದ್ದರೆ ಅದಕ್ಕೆ ಹಾಕಿ. ಅರ್ಧ ಗಂಟೆಗೊಮ್ಮೆ ನಿಲ್ಲಿಸಿ ಪ್ಯಾನೆಲ್ ತೆಗೆದು ನೋಡಿ. ಸುಟ್ಟ ರಬ್ಬರ್ ವಾಸನೆ ಬಂದರೆ ಪ್ಯಾನೆಲ್ ತೆರೆದಿಟ್ಟು ಹತ್ತು ನಿಮಿಷ ಆರಲು ಬಿಟ್ಟು, ಆಮೇಲೆ ಹೊರಡಿ.